ಗಣ್ಯರು ನೀರೆರೆದ ಬದನೆ ಗಿಡ

ಆ ಕಾಲೇಜಿನಲ್ಲಿ ಯಾವ ಸಮಾರಂಭವೇ ಆಗಲಿ, ಬಂದ ಗಣ್ಯರು ಕುಂಡದ ಸಸಿಗೆ ನೀರೆರೆದೇ ಉದ್ಘಾಟಿಸಬೇಕು. ಕುಂಡ ತಂದಿಡುವ ಕೆಲಸ ಅಟೆಂಡರ್ ಹಾಲಮ್ಮನದು. ಆಕೆ ಇಡುತ್ತಿದ್ದದ್ದು ಬದನೆ, ಟೊಮೆಟೊ, ಹೀರೆ ಸಸಿಗಳನ್ನು. ಫೋಟೋ ಮುಗಿದದ್ದೇ ತಡ, ಕುಂಡ ತಾರಸಿಗೆ ಹೋಗುತ್ತಿತ್ತು. ಅಲ್ಲಿ ಬಿಟ್ಟ ಕಾಯಿ ಹಾಸ್ಟೆಲ್ ಹುಡುಗಿಯರ ಸಾಂಬಾರಿಗೆ ಇಳಿದು ಬರುತ್ತಿತ್ತು.

ಒಂದು ದಿನ ಪ್ರಿನ್ಸಿಪಾಲ್ ವೀರಭದ್ರಯ್ಯನವರು ತಾರಸಿ ಹತ್ತಿ ಬಂದವರೇ ಗುಡುಗಿದರು.

"ಏನಮ್ಮಾ ಇದು, ಕಾಲೇಜೋ ಸಂತೆಯೋ? ನಾಳೆ ಆಡಳಿತ ಮಂಡಳಿ ಅಧ್ಯಕ್ಷರು ಬರ್ತಾರೆ. ಸಂಜೆಯೊಳಗೆ ಎಲ್ಲಾ ಕಿತ್ತು ಬಿಸಾಕು!"

"ಆಗಲಿ ಸಾರ್," ಎಂದು ಹಾಲಮ್ಮ ಬದನೆ ಗಿಡದ ಬುಡಕ್ಕೆ ಕೈ ಹಾಕಿದಳು. "ಇದು ಅಧ್ಯಕ್ಷರೇ ನೀರೆರೆದದ್ದು. ಇದರಿಂದಲೇ ಶುರು ಮಾಡ್ಲಾ?"

"ತಡಿ, ತಡಿ! ಅದೊಂದು ಇರಲಿ."

"ಹಾಗಾದ್ರೆ ಈ ಟೊಮೆಟೊ. ಇದು ಶಾಸಕರದ್ದು."

"ಅಯ್ಯೋ, ಮುಟ್ಟಬೇಡ!"

"ಈ ಹೀರೆ ಬಳ್ಳಿ ನಿಮ್ಮ ಮನೆಯವರದು ಸಾರ್. ಮಹಿಳಾ ದಿನಾಚರಣೆಗೆ ಬಂದಿದ್ರಲ್ಲ."

ಪ್ರಿನ್ಸಿಪಾಲರು ಬಳ್ಳಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ನಾನೂ ಎರೆದಿದ್ದೆನಲ್ಲ, ನಂದೆಲ್ಲಿ?"

ಹಾಲಮ್ಮ ಮೂಲೆಯ ಕುಂಡ ತೋರಿಸಿದಳು. ಅದರಲ್ಲಿ ಒಣಮಣ್ಣು, ನಡುವೆ ಸಸಿ ಒಣಗಿ ಉಳಿದ ಒಂದು ಕಡ್ಡಿ.

"ಅವತ್ತು ನಲ್ಲೀಲಿ ನೀರು ಬಂದಿರಲಿಲ್ಲ ಸಾರ್. ನೀವು ಖಾಲಿ ತಂಬಿಗೆ ಬಗ್ಗಿಸಿ ಫೋಟೋ ತೆಗೆಸಿಕೊಂಡ್ರಿ. ಎಂದಾದರೂ ಬಂದು ಎರೀತೀರಿ ಅಂತ ಕುಂಡ ಎತ್ತಿಟ್ಟಿದೀನಿ."

ಎಂದವಳೇ ಆ ಕಡ್ಡಿ ಕಿತ್ತು, ಹೊಸದೊಂದು ಮೆಣಸಿನ ಸಸಿ ನೆಟ್ಟಳು.

ಪ್ರಿನ್ಸಿಪಾಲರು ಸುತ್ತ ನೋಡಿದರು. ಫೋಟೋದವನು ಎಲ್ಲೂ ಇರಲಿಲ್ಲ. ಆದರೂ ಅಂಗಿಯ ತೋಳು ಮಡಚಿಕೊಂಡು, ಪಕ್ಕದಲ್ಲಿದ್ದ ತುಂಬಿದ ಬಿಂದಿಗೆಯನ್ನು ಎತ್ತಿಕೊಂಡರು.