ನೆತ್ತರು ಹುಟ್ಟುವ ಗೋಡೆ

ನದಿ ದಂಡೆಯ ಆಶ್ರಮವೊಂದರಲ್ಲಿ ಮುರಿಗಯ್ಯ ಎಂಬ ಗುರುಗಳು ಗಾಜಿನ ಬೋಗುಣಿಗಳಲ್ಲಿ ಪುಟ್ಟ ಮೀನು ಸಾಕಿದ್ದರು. ಅವುಗಳ ಮೊಟ್ಟೆ ಎಷ್ಟು ತಿಳಿಯೆಂದರೆ, ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಒಳಗಿನ ಮರಿಯ ಹೃದಯ ಬಡಿಯುವುದೂ ಕಾಣುತ್ತಿತ್ತು.

ಈರವ್ವ ಅಲ್ಲಿಗೆ ಶಿಷ್ಯೆಯಾಗಿ ಬಂದದ್ದು ತಮ್ಮನಿಗಾಗಿ. ಅವನ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತುಹೋಗಿತ್ತು. ಬೇರೆಯವರ ರಕ್ತ ಏರಿಸಿ ಅವನನ್ನು ಉಳಿಸಿಕೊಂಡಿದ್ದರು.

“ಅಜ್ಜಾರ, ಎಲ್ಲಾ ರಕ್ತಕ್ಕೂ ತಾಯಿಯಂಥಾ ಒಂದು ಜೀವಕೋಶ ಇರತೈತಂತಲ್ರಿ. ಅದು ಮೊದಲ ಎಲ್ಲಿ ಹುಟ್ಟತೈತಿ?”

“ನೋಡಿ ನೀನ ಹೇಳು,” ಎಂದರು ಗುರುಗಳು.

ಹಟಮಾರಿ ಹೆಂಗಸು. ಮೂರು ದಿನ ಕಣ್ಣು ಕಿತ್ತುಬರುವಂತೆ ನೋಡಿದಳು. ರಕ್ತನಾಳದ ಆಚೀಚೆ ಯಾವುದಾದರೂ ಚೀಲವೋ ಗಂಟೋ ಇದ್ದೀತೆಂದು ಹುಡುಕಿದಳು. ಸಿಗಲಿಲ್ಲ. ಹರಿಯುವ ರಕ್ತ ನೋಡಿ ನೋಡಿ ತಲೆ ತಿರುಗುತ್ತಿತ್ತು.

ನಾಲ್ಕನೆಯ ದಿನ ಮೊಟ್ಟೆಗಳನ್ನು ತಣ್ಣೀರಿನಲ್ಲಿಟ್ಟಳು. ಹೃದಯದ ಬಡಿತ ನಿಂತೇಹೋದಂತಾಯಿತು. ಈಗ ಎಲ್ಲ ನಿಚ್ಚಳವಾಗಿ ಕಂಡಿತು. ಆದರೆ ಸಂಜೆಯವರೆಗೆ ಕಾದರೂ ಏನೂ ಹುಟ್ಟಲಿಲ್ಲ.

“ರಕ್ತ ಹರಿಯೂದು ಅಡ್ಡ ಬರತಿತ್ತು ಅಜ್ಜಾರ. ಅದಕ್ಕ ನಿಲ್ಲಿಸಿದೆ.”

“ಆ ಹರಿವು ಬಡದು ಬಡದ ಅದು ಹುಟ್ಟೂದು. ಸೂಲಗಿತ್ತಿನ್ನ ಹೊರಗ ಹಾಕಿ, ಕೂಸು ಯಾಕ ಬರವಲ್ದು ಅಂತಿಯಲ್ಲ!”

ಈರವ್ವನಿಗೆ ನಾಚಿಕೆಯಾಯಿತು. ಆದರೂ ಎದ್ದು ಹೋಗಲಿಲ್ಲ. ಹೊಸ ಮೊಟ್ಟೆ ಇಟ್ಟಳು.

“ಎಲ್ಲಿ ನೋಡ್ಲಿರಿ?”

“ನಾಳದ ಹೊರಗೂ ಬ್ಯಾಡ, ಒಳಗೂ ಬ್ಯಾಡ. ಗೋಡಿ ನೋಡು.”

ಮರುದಿನ ಮಧ್ಯಾಹ್ನ ಕಂಡಿತು. ಬೆನ್ನಿನುದ್ದಕ್ಕೂ ಹೋಗುವ ದೊಡ್ಡ ನಾಳದ ತಳಗೋಡೆಯಲ್ಲಿ ಚಪ್ಪಟೆಯಾಗಿ ಅಂಟಿಕೊಂಡಿದ್ದ ಒಂದು ಜೀವಕೋಶ ಮೆಲ್ಲಗೆ ಬಾಗಿತು. ದುಂಡಗಾಯಿತು. ಅಕ್ಕಪಕ್ಕದವುಗಳ ಹಿಡಿತ ಬಿಟ್ಟು ಹೊರಬಿದ್ದು, ಕೆಳಗಿನ ಇನ್ನೊಂದು ನಾಳದ ಹರಿವನ್ನು ಸೇರಿತು. ಅಕ್ಕಪಕ್ಕದವು ಸರಿದು ಒಂದನ್ನೊಂದು ಹಿಡಿದುಕೊಂಡವು. ಗೋಡೆ ಬಿರಿಯಲಿಲ್ಲ.

ಈರವ್ವ ಅತ್ತೇಬಿಟ್ಟಳು.

“ಗೋಡಿಯೊಳಗಿನ ಕಲ್ಲ ರಕ್ತಕ್ಕ ತಾಯಿ ಆತಲ್ರಿ ಅಜ್ಜಾರ!”

“ಹೂಂ.”

“ಇನ್ನ ಕಲಿಸ್ರಿ. ಇಂಥಾದ್ದೊಂದು ನನ್ನ ತಮ್ಮಗ ನಾ ಹೆಂಗ ಮಾಡಿ ಕೊಡ್ಲಿ?”

ಅವಳು ಗುರುಗಳ ಮುಖದಿಂದ ಕಣ್ಣು ಕೀಳಲಿಲ್ಲ. ಬೇಕಾದರೆ ಇನ್ನೂ ಹತ್ತು ವರ್ಷ ಇಲ್ಲೇ ಕೂರುವವಳಿದ್ದಳು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ನಲವತ್ತು ವರ್ಷಾತು, ಅದನ್ನ ಮಾಡೂದು ನನಗೂ ಇನ್ನೂ ಬಂದಿಲ್ಲ. ಇನ್ನೊಂದು ತತ್ತಿ ಇಡು. ಚೂರು ಅತ್ತಾಗ ಸರಿ, ನಾನೂ ಕುಂದರತೀನಿ.”