ಹರಿಗೋಲಿನ ಚರ್ಮ

"ನಗೂದೂ ತಪ್ಪೇನ್ರಿ, ವಸ್ತಾದ್ರ?"

ಗರಡಿಮನೆಯ ಹೊಸ್ತಿಲ ಹೊರಗೆ ನಿಂತು ಫಕೀರೇಶ ಹೀಗೆ ಕೇಳಿದ. ಕೇಳಿದ ಎನ್ನುವುದಕ್ಕಿಂತ ಸಿಡಿದ ಎನ್ನಬೇಕು. ಆ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಕುಸ್ತಿ ಕಲಿಸುವ ವಸ್ತಾದರು ತಮ್ಮ ಕೈಯಾರೆ ಒಂದು ಚಿಟಿಕೆ ಮಣ್ಣು ಕೊಡಬೇಕು, ಅದನ್ನು ಹಣೆಗೆ ಹಚ್ಚಿಕೊಂಡೇ ಪೈಲ್ವಾನ ಅಖಾಡಕ್ಕೆ ಇಳಿಯಬೇಕು. ಅಂದು ಬೆಳಗ್ಗೆ ಯಮನಪ್ಪ ವಸ್ತಾದರು ಎಲ್ಲರಿಗೂ ಮಣ್ಣು ಕೊಟ್ಟರು. ಫಕೀರೇಶನ ಕೈ ಚಾಚಿದ್ದು ಚಾಚಿದಂತೆಯೇ ಉಳಿಯಿತು. ಮುಂದಿನ ವಾರ ಕುಸ್ತಿ. ಜೋಡಿ ಗೊತ್ತಾಗಿತ್ತು. ಮಣ್ಣು ಸಿಗದಿದ್ದರೆ ವರ್ಷದ ತಾಲೀಮು ನೀರಲ್ಲಿ ಮಾಡಿದ ಹೋಮ.

ಫಕೀರೇಶ ಒಬ್ಬ ಸಿನಿಮಾ ನಾಯಕನ ಅಭಿಮಾನಿ. ಅಭಿಮಾನಿಗಳು ಮೊಬೈಲಿನಲ್ಲಿ ಕಟ್ಟಿಕೊಂಡ ಗುಂಪಿಗೆ ಅವನೇ ಅಡ್ಮಿನ್. ಬೇರೆ ನಾಯಕರ ಅಭಿಮಾನಿಗಳನ್ನು ಗೇಲಿ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಷ್ಟರಲ್ಲಿ ಚುನಾವಣೆ ಬಂತು. ನಾಯಕ ಒಂದು ಪಕ್ಷದ ವೇದಿಕೆ ಹತ್ತಿದ. ಅಂದಿನಿಂದ ಗುಂಪಿನಲ್ಲಿ ಸಿನಿಮಾ ಹೋಗಿ ರಾಜಕೀಯ ಬಂತು. ಗೇಲಿ ಮಾತ್ರ ಹಾಗೆಯೇ ಉಳಿಯಿತು.

"ಯಾವಾಕಿನೋ ಒಬ್ಬಾಕಿ ನಮ್ಮ ಗುಂಪಿನ್ಯಾಗ ಬಂದು ಏನೋ ಕೇಳಿದ್ಳ್ರಿ" ಎಂದ ಫಕೀರೇಶ. "ಆಕೀ ಫೋಟೋಕ್ಕ ನಮ್ಮ ಹೀರೋನ ಮೀಸಿ ಅಂಟಿಸಿ, 'ಮೀಸಿ ಅಕ್ಕಾರು ಬಂದ್ರು, ದಾರಿ ಬಿಡ್ರಿ' ಅಂತ ಬರದೆ. ಹನ್ನೊಂದು ಸಾವಿರ ಮಂದಿ ನಕ್ಕರು. ನಾ ಏನು ಹೊಡದೇನ್ರಿ, ಬಡದೇನ್ರಿ? ಈಗ ಆಕಿ ಮನಿ ಬಿಟ್ಟು ಹೊರಗ ಬರವಲ್ಲಳಂತ. ಹ್ವಾದಲ್ಲೆಲ್ಲಾ ಮಂದಿ ಮೀಸಿ ತಿರುವಿ ತೋರಸ್ತಾರಂತ. ಆಕೀ ತಮ್ಮ ನಿನ್ನೆ ಬಂದು ನಿಮ್ಮ ಮುಂದ ಅತ್ತ. ಅದಕ್ಕ ನನಗ ಮಣ್ಣಿಲ್ಲೇನ್ರಿ?"

"ಕುಂದ್ರು" ಎಂದರು ವಸ್ತಾದರು. ಫಕೀರೇಶ ಒಳಗೆ ಕಾಲಿಡಹೋದ. "ಅಲ್ಲೇ, ಹೊರಗ" ಎಂದರು.

ಅವನು ಹೊಸ್ತಿಲಿನಾಚೆಯ ಕಲ್ಲಿನ ಮೇಲೆ ಕುಳಿತ. ವಸ್ತಾದರು ಒಂದು ಕತೆ ಹೇಳಿದರು. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಹೊಳೆಯ ದಂಡೆಯಲ್ಲಿ ಒಂದು ಊರು. ಸೇತುವೆ ಇಲ್ಲ. ಸಂತೆಗೆ ಹೋಗಲಿ, ಬೀಗರ ಮನೆಗೆ ಹೋಗಲಿ, ವೈದ್ಯನ ಹತ್ತಿರ ಹೋಗಲಿ, ಇದ್ದದ್ದು ಒಂದೇ ಹರಿಗೋಲು. ಬಿದಿರಿನ ದೊಡ್ಡ ಬುಟ್ಟಿಗೆ ಎಮ್ಮೆ ಚರ್ಮ ಬಿಗಿದದ್ದು. ವರ್ಷವೂ ಮಳೆಗಾಲಕ್ಕೆ ಮುಂಚೆ ಹಳೆಯ ಚರ್ಮ ಬಿಚ್ಚಿ ಹೊಸದನ್ನು ಹೊಲಿಯಬೇಕು. ಆ ಚರ್ಮ ಊರಿನ ಸೊತ್ತು. ಅದನ್ನು ಹದ ಮಾಡಿಸಿ ಅಂಬಿಗನಿಗೆ ಒಪ್ಪಿಸುವುದು ಊರ ಗೌಡನ ಕೆಲಸ.

ಆ ಊರಿನಲ್ಲಿ ಎರಡು ಕಾಳಗದ ಟಗರುಗಳಿದ್ದವು. ಒಂದು ಕರಿಯ, ಇನ್ನೊಂದು ಕೆಂಚ. ಊರು ಎರಡು ಪಾಲಾಗಿತ್ತು. ಕಾಳಗ ನಡೆಯುವುದು ವರ್ಷಕ್ಕೆ ಒಮ್ಮೆಯೋ ಎರಡು ಸಲವೋ. ಮಾತಿನ ಕಾಳಗ ಮಾತ್ರ ದಿನವೂ ಸಂಜೆ ಕಟ್ಟೆಯ ಮೇಲೆ. ಅದಕ್ಕೊಂದು ಕಟ್ಟಳೆ ಇತ್ತು. ಟಗರು ಮೋರೆ ತಿರುಗಿಸಿದರೆ ಸೋತಂತೆ. ಆಗ ನಗಾರಿ ಬಾರಿಸುತ್ತಾರೆ. ಕಟ್ಟೆಯ ಮೇಲೂ ಹಾಗೆಯೇ. ಒಬ್ಬ ಇನ್ನೊಬ್ಬನನ್ನು ಗೇಲಿ ಮಾಡಿದ, ಜನ ನಕ್ಕರು, ನಗಾರಿಗೆ ಒಂದು ಪೆಟ್ಟು. ಪೆಟ್ಟು ಬಿದ್ದ ಮೇಲೆ ಗೇಲಿಗೆ ಸಿಕ್ಕವನು ಮಾತಾಡುವಂತಿಲ್ಲ. ಅದಕ್ಕಿಂತ ದೊಡ್ಡ ನಗೆ ಎಬ್ಬಿಸಿದರೆ ಮಾತ್ರ ಅವನಿಗೆ ಮತ್ತೆ ಬಾಯಿ. ಇಲ್ಲವಾದರೆ ಕಟ್ಟೆ ಇಳಿದು ನಡೆಯಬೇಕು. ಟಗರಿನ ವಿಷಯಕ್ಕೆ ಈ ಕಟ್ಟಳೆ ಚೆನ್ನಾಗಿಯೇ ಇತ್ತು. ಟಗರಿಗೇನು, ಮಾನವೇ ಮರ್ಯಾದೆಯೇ?

ಕೆಂಚನ ಕಡೆ ಒಬ್ಬ ಗಾಣಿಗನಿದ್ದ. ಅವನ ಬಾಯಿಗೆ ಸಮನಾದ ಬಾಯಿ ಸುತ್ತ ಏಳೂರಲ್ಲಿ ಇರಲಿಲ್ಲ. ಎತ್ತು ಗಾಣ ಸುತ್ತುತ್ತಿದ್ದರೆ ಅವನು ಸಂಜೆಯ ಮಾತು ಮಸೆಯುತ್ತ ಕೂರುತ್ತಿದ್ದ. ನಗಾರಿಯ ಪೆಟ್ಟು ಕೇಳಿದರೆ ಅವನ ಎದೆ ಉಬ್ಬುತ್ತಿತ್ತು. ಪೆಟ್ಟು ಬೀಳದ ದಿನ ಅನ್ನ ಸೇರುತ್ತಿರಲಿಲ್ಲ. ಕೆಟ್ಟವನಲ್ಲ. ಎಣ್ಣೆಯ ಅಳತೆಯಲ್ಲಿ ಒಂದು ಹನಿ ಮೋಸ ಮಾಡಿದವನಲ್ಲ. ಮಾತಿಗೆ ಮಾತ್ರ ಅವನಲ್ಲಿ ಅಳತೆ ಇರಲಿಲ್ಲ.

ಹೀಗಿರುವಾಗ ಗೌಡನನ್ನು ಬದಲಿಸುವ ಮಾತು ಎದ್ದಿತು. ಕರಿಯನ ಕಡೆಯವರು ಇದ್ದವನೇ ಇರಲಿ ಎಂದರು. ಕೆಂಚನ ಕಡೆಯವರು ಬೇರೆಯವನು ಬರಲಿ ಎಂದರು. ಏಕೆ ಎಂದರೆ ಗೌಡ ಕರಿಯನ ಕೊಂಬಿಗೆ ಒಮ್ಮೆ ಗೊಂಡೆ ಕಟ್ಟಿಸಿದ್ದ. ಅಷ್ಟೇ ಕಾರಣ. ಊರಿನ ಸಭೆ ಸೇರಿದ್ದೂ ಅದೇ ಕಟ್ಟೆಯ ಮೇಲೆ, ಅದೇ ಜನ, ಅದೇ ನಗಾರಿ. ಕಂದಾಯದ ಮಾತು ಎತ್ತಿದವನಿಗೂ ನಗಾರಿ, ಕುಡಿಯುವ ನೀರಿನ ಮಾತು ಎತ್ತಿದವನಿಗೂ ನಗಾರಿ. ಗೌಡನಿಗೆ ಇದು ಬಹಳ ಹಿಡಿಸಿತು. ಪ್ರಶ್ನೆಗೆ ಅಡ್ಡ ಹಾಕಲು ಇದಕ್ಕಿಂತ ಅಗ್ಗದ ಬೇಲಿ ಎಲ್ಲಿ ಸಿಕ್ಕೀತು?

ಬಾರಿಸಿ ಬಾರಿಸಿ ಹಳೆಯ ನಗಾರಿ ಹರಿಯಿತು. ಎರಡು ಕಡೆಯವರಿಗೂ ಒಂದೊಂದು ಹೊಸ ನಗಾರಿ ಬೇಕಾಯಿತು. ಗಾಣಿಗನೇ ಮುಂದಾಗಿ ಗೌಡನ ಮನೆಗೆ ಹೋದ. ಸಂಜೆ ಯಾರನ್ನು ಬಯ್ಯುತ್ತಿದ್ದನೋ ಬೆಳಗ್ಗೆ ಅವನ ಮುಂದೆಯೇ ಕೈ ಒಡ್ಡಿದ. ಗೌಡ ನಗುನಗುತ್ತ ಹದ ಮಾಡಿಸಿಟ್ಟ ಎರಡು ಎಮ್ಮೆ ಚರ್ಮ ತೆಗೆದು ಕೊಟ್ಟ. ಕರಿಯನ ಕಡೆಗೊಂದು, ಕೆಂಚನ ಕಡೆಗೊಂದು. ಅವು ಯಾವ ಚರ್ಮ ಎಂದು ಗಾಣಿಗನಿಗೆ ಗೊತ್ತಿತ್ತು. ಮಳೆ ಇನ್ನೂ ದೂರ ಇದೆ ಎಂದುಕೊಂಡು ಹೊತ್ತು ತಂದ.

ಮಳೆ ಯಾರಪ್ಪನ ಮನೆಯ ಆಳು? ಅದು ಬರುವ ಹೊತ್ತಿಗೆ ಬಂತು. ಹೊಳೆಯ ನೀರು ಕೆಂಪಾಯಿತು. ಅಂದು ಸಂಜೆ ಸಭೆಯಲ್ಲಿ ಅಂಬಿಗನ ಹೆಂಡತಿ ಎದ್ದು ನಿಂತಳು. ಅವಳು ಕಟ್ಟೆ ಹತ್ತಿದ್ದು ಅದೇ ಮೊದಲು.

"ಹೊಳಿ ತುಂಬಾಕ ಹತ್ತೇತಿ" ಎಂದಳು. "ಹರಿಗೋಲಿನ ಚರ್ಮ ಸವದು ಎಲಿ ಆಗೇತಿ. ಈ ವರ್ಷದ ಹೊಸಾ ಚರ್ಮ ಎಲ್ಲೈತಿ?"

"ಮದಲ ಇದನ್ನ ಹೇಳು" ಎಂದನೊಬ್ಬ. "ನೀ ಕರಿಯನ ಕಡ್ಯಾಕ್ಯೋ, ಕೆಂಚನ ಕಡ್ಯಾಕ್ಯೋ?"

"ನಾ ಯಾವ ಟಗರಿನಾಕೀನೂ ಅಲ್ಲ. ನಾ ಹರಿಗೋಲಿನಾಕಿ. ಚರ್ಮ ಎಲ್ಲೈತಿ?"

ಗೌಡ ತನ್ನ ಕಾಲಿನ ಉಗುರು ನೋಡಿಕೊಂಡ. ಗಾಣಿಗನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಆ ಚರ್ಮ ಅವನ ಮಗ್ಗುಲಲ್ಲೇ ನಗಾರಿಯಾಗಿ ಕುಳಿತಿತ್ತು. ಗೌಡನನ್ನು ಇಳಿಸಬೇಕೆಂದು ಅವನು ಎಷ್ಟೋ ಸಂಜೆ ಗಂಟಲು ಹರಿದುಕೊಂಡಿದ್ದ. ಈಗ ಒಂದು ಮಾತು ಸಾಕಿತ್ತು. ಆದರೆ ಉತ್ತರ ಹೇಳಿದರೆ ಯಾರು ನಗುತ್ತಾರೆ? ಉತ್ತರಕ್ಕೆ ನಗಾರಿ ಬಾರಿಸಿದವರು ಯಾರಿದ್ದಾರೆ? ಅಷ್ಟರಲ್ಲಿ ಅವನ ಬಾಯಿಗೆ ಇನ್ನೊಂದು ಮಾತು ಬಂತು. ಅದು ಉತ್ತರಕ್ಕಿಂತ ಬೇಗ ಬಂತು, ಅದಕ್ಕಿಂತ ರುಚಿಯಾಗಿಯೂ ಇತ್ತು.

"ಹೊಸಾ ಚರ್ಮ ಯಾಕಬೇ?" ಎಂದ. "ನಿನ್ನ ಗಂಡನ ಚರ್ಮ ಎಮ್ಮಿ ಚರ್ಮಕ್ಕಿಂತ ದಪ್ಪ ಐತಿ. ಅವನ್ನ ಹೊಳ್ಯಾಗ ಬೋರಲು ಹಾಕು, ನಾವು ಮ್ಯಾಲೆ ಕುಂತು ದಾಟತೀವಿ!"

ಕಟ್ಟೆ ಬಿದ್ದು ಬಿದ್ದು ನಕ್ಕಿತು. ಕರಿಯನ ಕಡೆಯವರೂ ನಕ್ಕರು, ಕೆಂಚನ ಕಡೆಯವರೂ ನಕ್ಕರು. ಎಂದೂ ಒಂದಾಗದ ಊರು ಆ ಒಂದು ನಗೆಯಲ್ಲಿ ಒಂದಾಯಿತು. ಎರಡು ನಗಾರಿಗಳೂ ಒಟ್ಟಿಗೆ ಮೊಳಗಿದವು. ಅವಳು ಮತ್ತೆ ಬಾಯಿ ತೆರೆದಳು. ಮತ್ತೆ ಮೊಳಗಿದವು. ಯಾವ ಚರ್ಮ ಎಲ್ಲಿ ಎಂದು ಅವಳು ಕೇಳುತ್ತಿದ್ದಳೋ ಅದೇ ಚರ್ಮ ಅವಳ ಬಾಯಿ ಮುಚ್ಚಿಸಿತು. ಅವಳು ಸೆರಗು ಬಿಗಿದುಕೊಂಡು ಕಟ್ಟೆ ಇಳಿದಳು.

ಆ ಮಾತು ಊರಿಗೆ ಹಬ್ಬವಾಯಿತು. ಅಂಬಿಗ ಕಂಡರೆ ಸಾಕು, "ಬೋರಲು ಮಲಗೋ, ದಾಟಬೇಕು" ಎನ್ನುವರು. ಮೊದಲ ದಿನ ಅವನೂ ನಕ್ಕ. ಎರಡನೆಯ ದಿನ ನಕ್ಕಂತೆ ಮಾಡಿದ. ಆಮೇಲೆ ತಲೆ ತಗ್ಗಿಸಿ ಹೋಗಲು ಕಲಿತ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಾಣಿಗ ಮಾತ್ರ ಯಾರ ಬಾಯಲ್ಲಿ ಆ ಮಾತು ಕೇಳಿದರೂ, ಅದು ನನ್ನದು ಎಂದು ಎದೆ ತಟ್ಟಿಕೊಳ್ಳುತ್ತಿದ್ದ.

ಆಚೆ ದಡದ ಊರಿನಲ್ಲಿ ಕಾಳಗ ಗೊತ್ತಾಯಿತು. ಕೆಂಚನನ್ನು ದಾಟಿಸಬೇಕು, ನಗಾರಿಯನ್ನು ದಾಟಿಸಬೇಕು, ಗಾಣಿಗನೂ ಅವನ ಗೆಳೆಯರೂ ದಾಟಬೇಕು. ಹೊಳೆ ಅಂದು ಎರಡು ದಡ ತುಂಬಿ ಹರಿಯುತ್ತಿತ್ತು. ಅಂಬಿಗ ಹರಿಗೋಲಿನ ತಳ ಮುಟ್ಟಿ ನೋಡಿ, ಆಗುವುದಿಲ್ಲ ಎಂದ. ಯಾರೋ ಒಬ್ಬ, "ಹಂಗಾದ್ರ ನೀನ ಬೋರಲು ಮಲಗು" ಎಂದ. ದಂಡೆಯ ಮೇಲಿದ್ದವರೆಲ್ಲ ನಕ್ಕರು. ನಗಾರಿಗೆ ಪೆಟ್ಟು ಬಿತ್ತು. ಕಟ್ಟಳೆ ಕಟ್ಟಳೆಯೇ, ಪೆಟ್ಟು ಬಿದ್ದ ಮೇಲೆ ಮಾತಿಲ್ಲ. ಅಂಬಿಗ ಹುಟ್ಟು ಎತ್ತಿಕೊಂಡ. ಒಬ್ಬ ಬಡವನ "ಬೇಡ" ಎಂಬ ಮಾತನ್ನು ಇಡೀ ಊರು ನಕ್ಕು ಕೊಂದಿತು. ಥೂ, ಅಂಥ ನಗೆಗೆ ಬೆಂಕಿ ಹಾಕಬೇಕು.

ನಡು ಹೊಳೆಯಲ್ಲಿ ಚರ್ಮ ಹರಿಯಿತು. ಈಜು ಬಂದವರು ಈಜಿದರು, ಕೆಲವರು ಬಿದಿರಿನ ಬುಟ್ಟಿಗೆ ಜೋತುಬಿದ್ದರು. ಗಾಣಿಗನಿಗೆ ಈಜು ಬರುತ್ತಿರಲಿಲ್ಲ. ಎರಡು ಸಲ ಮುಳುಗಿ ಎದ್ದ. ಅಂಬಿಗ ಈಜಿ ಬಂದು, ತೇಲುತ್ತಿದ್ದ ನಗಾರಿಯನ್ನು ಅವನ ಕಡೆ ತಳ್ಳಿದ.

"ಇದನ್ನ ಹಿಡಕೋ, ಬಿಡಬ್ಯಾಡ!"

ಗಾಣಿಗ ನಗಾರಿಯನ್ನು ತಬ್ಬಿಕೊಂಡ. ಬಿಗಿದ ಚರ್ಮ ಒಂದು ಹನಿ ನೀರು ಒಳಗೆ ಬಿಡಲಿಲ್ಲ. ಅಷ್ಟು ಗಟ್ಟಿ ಚರ್ಮ. ಅವನು ತಿರುಗಿ ನೋಡಿದಾಗ ಕೆಂಚ ಒದ್ದಾಡುತ್ತಿತ್ತು. ಅದರ ಹಗ್ಗ ಅಂಬಿಗನ ಕಾಲಿಗೆ ಸುತ್ತಿಕೊಂಡಿತ್ತು. ಮತ್ತೊಮ್ಮೆ ನೋಡಿದಾಗ ಟಗರೂ ಇರಲಿಲ್ಲ, ಅಂಬಿಗನೂ ಇರಲಿಲ್ಲ.

ಸಂಜೆಯ ಹೊತ್ತಿಗೆ ಅಂಬಿಗನ ಹೆಣ ದಂಡೆಗೆ ಬಂತು. ಬೋರಲಾಗಿಯೇ ಬಂತು. ಊರಿಗೆ ಊರೇ ಅದನ್ನು ನೋಡಿತು. ಎಲ್ಲರಿಗೂ ಅದೇ ಮಾತು ನೆನಪಾಯಿತು. ಆದರೂ ಕರಿಯನ ಕಡೆಯವರು, ಕೆಂಚನ ಭಾರಕ್ಕೆ ಹರಿಗೋಲು ಹರಿಯಿತು ಎಂದರು. ಕೆಂಚನ ಕಡೆಯವರು, ನಿಮ್ಮ ಗೌಡನ ಕಾಲ್ಗುಣ ಎಂದರು. ಹೆಣದ ಮುಂದೆಯೇ ಕಾಳಗ ಶುರುವಾಯಿತು.

ಅಂಬಿಗನ ಹೆಂಡತಿ ಜನರನ್ನು ಸರಿಸಿಕೊಂಡು ಬಂದಳು. ಗಂಡನನ್ನು ಅಂಗಾತ ಹೊರಳಿಸಿ ಮುಖದ ಮೇಲಿನ ಮರಳು ಒರೆಸಿದಳು. ಆಮೇಲೆ ಎದ್ದು ನಿಂತು ಗಾಣಿಗನನ್ನೇ ನೋಡಿ ಕೇಳಿದಳು.

"ಚರ್ಮ ಎಲ್ಲೈತಿ?"

ಊರು ಗಾಣಿಗನ ಬಾಯಿ ನೋಡಿತು. ಅಭ್ಯಾಸ, ಏನು ಮಾಡುವುದು? ಗಾಣಿಗ ನಗಾರಿಯನ್ನು ಎತ್ತಿ ತಂದು ಅವಳ ಕಾಲ ಬಳಿ ಇಟ್ಟ.

"ಇದಾ, ತಂಗಿ" ಎಂದ.

ಅವಳು ನಗಾರಿಯ ಮೇಲೆ ಕೈಯಾಡಿಸಿದಳು. ದಪ್ಪ ಚರ್ಮ, ಒಳ್ಳೆಯ ಹದ.

"ಅವತ್ತೂ ಇದು ನಿನ್ನ ಮಗ್ಗಲದಾಗ ಇತ್ತಲ್ಲೋ ಅಣ್ಣಾ" ಎಂದಳು.

ಕತೆ ಅಲ್ಲಿಗೆ ನಿಂತಿತು. ಒಳಗೆ ಹುಡುಗರು ತಾಲೀಮು ಬಿಟ್ಟು ನಿಂತಿದ್ದರು. ಫಕೀರೇಶನ ಮುಖ ಕೆಂಪಾಗಿತ್ತು, ಆದರೂ ಅವನು ಸೋಲಲು ಸಿದ್ಧನಿರಲಿಲ್ಲ.

"ಗಾಣಿಗಂದು ತಪ್ಪು, ಒಪ್ಪತೀನ್ರಿ" ಎಂದ. "ಅವಗ ಉತ್ತರ ಗೊತ್ತಿತ್ತು, ಮುಚ್ಚಿಟ್ಟ. ನಾ ಏನೂ ಮುಚ್ಚಿಟ್ಟಿಲ್ರಿ. ನಮ್ಮ ಗುಂಪಿನ್ಯಾಗ ಯಾರೂ ಮುಳುಗಿ ಸತ್ತಿಲ್ಲ."

ವಸ್ತಾದರು ಎದ್ದು ಅಖಾಡದಿಂದ ಒಂದು ಚಿಟಿಕೆ ಮಣ್ಣು ತೆಗೆದುಕೊಂಡರು. ಹೊಸ್ತಿಲಿಗೆ ಬಂದು ಕೈ ಮುಂದೆ ಮಾಡಿದರು. ಫಕೀರೇಶ ಗಡಬಡಿಸಿ ಎದ್ದು ಅಂಗೈ ಒಡ್ಡಿದ. ಮೀಸೆ ಅವನಿಗೆ ನೆನಪಿತ್ತು. ತಾನು ಬರೆದ ಸಾಲು ಅಕ್ಷರ ಬಿಡದೆ ನೆನಪಿತ್ತು. ನಕ್ಕವರು ಎಷ್ಟು ಮಂದಿ ಎಂಬುದೂ ನೆನಪಿತ್ತು. ವಸ್ತಾದರು ಕೇಳಿದ್ದು ಅವು ಯಾವುದನ್ನೂ ಅಲ್ಲ. ಆ ಮಾತು ಕಿವಿಗೆ ಬಿದ್ದ ಮೇಲೆ ಅವನ ಅಂಗೈ ತಾನಾಗಿ ಹಿಂದೆ ಸರಿಯಿತು.

"ಆ ಹೆಣ್ಮಗಳು ನಿಮ್ಮ ಗುಂಪಿಗೆ ಬಂದು ಏನು ಕೇಳಿದ್ಳು, ಅದನ್ನ ಹೇಳು, ಮಣ್ಣು ತಗೋ."