ಜಾಗಟೆಯೊಳಗಿನ ನಡುಕ

ಭೂಮಿಯ ಹಸಿ ಮಣ್ಣು ಇನ್ನೂ ಆರಿರದ ಕಾಲವದು. ಆಗ ನದಿಗೂ ಬಾಯಿತ್ತು, ತಾಮ್ರಕ್ಕೂ ಬಾಯಿತ್ತು. ನಿನ್ನ ಹಾಗೆಯೇ ಕೂಸೇ, ಯಾರೂ ಬಾಯಿ ಮುಚ್ಚಿ ಕೂರುತ್ತಿರಲಿಲ್ಲ.

ಒಂದು ಬೆಳಿಗ್ಗೆ ದಡದ ಮೇಲೆ ತಾಮ್ರದ ಕೆಲಸ ಮಾಡುತ್ತಿದ್ದ ಮೋನಪ್ಪನನ್ನು ನದಿ ಕೂಗಿ ಕರೆಯಿತು.

"ಮೋನಪ್ಪಾ, ಮ್ಯಾಲೆ ಭಾರೀ ಮಳಿ ಆಗೇತಿ. ಹೊತ್ತು ಮುಳುಗೂದ್ರಾಗ ನಡುಗಡ್ಡಿ ಮುಳುಗಸ್ತೀನಿ. ನನಗ ತಡಕೊಳ್ಳಾಕ ಆಗೂದಿಲ್ಲೋ!"

ನಡುಗಡ್ಡೆಯಲ್ಲಿ ಮೋನಪ್ಪನ ಮಗಳು ದ್ಯಾಮವ್ವ ಬಗ್ಗಿ ಹುಲ್ಲು ಕೊಯ್ಯುತ್ತಿದ್ದಳು. ಇದ್ದ ಒಂದೇ ಹರಿಗೋಲು ಅವಳ ಹತ್ತಿರವೇ ಇತ್ತು. ಮೋನಪ್ಪ, ಅವನ ಹೆಂಡತಿ ಕಾಳವ್ವ ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು. ನೀರಿನ ಮೊರೆತದಲ್ಲಿ ಅವರ ಕೂಗೂ ನದಿಯ ಕೂಗೂ ಅವಳಿಗೆ ಮುಟ್ಟಲಿಲ್ಲ.

ತಾಮ್ರದ ತಟ್ಟೆ ಬಡಿದರು. 'ದಪ್' ಎಂದಿತು, ಅಷ್ಟೇ.

"ನನ್ನೊಬ್ಬನಿಂದ ಆಗೂದಿಲ್ಲ, ತವರಾನ ಕೂಡಸ್ರಿ" ಎಂದಿತು ತಾಮ್ರ.

ಮೂಲೆಯಲ್ಲಿ ಬಿದ್ದಿದ್ದ ಬಿಳಿ ಲೋಹ ತವರ ಮಹಾ ಅಂಜುಬುರುಕ. "ನಡುವ ನನ್ನ ಹೊರಗ ಹಾಕಿದ್ರ?" ಎಂದು ಕೇಳಿತು.

"ಬೆಂಕ್ಯಾಗ ಇರೂತನಕ ನನ್ನ ಮನಿ ದೊಡ್ಡದು, ಬಾ" ಎಂದಿತು ತಾಮ್ರ. ಆರಿದ ಮೇಲೆ ಏನು ಗತಿ ಎಂದು ಆ ಅವಸರದಲ್ಲಿ ಯಾರೂ ಕೇಳಲಿಲ್ಲ.

ಮೂಸೆಯಲ್ಲಿ ಎರಡೂ ಕರಗಿ ಒಂದಾಗಿ ಕಂಚಾದವು. ಮೋನಪ್ಪ ಅಚ್ಚಿಗೆ ಎರೆದು ಜಾಗಟೆ ಮಾಡಿದ. ತಾಮ್ರಕ್ಕೆ ಮಾಡುತ್ತಿದ್ದಂತೆಯೇ ಅದನ್ನು ಬಿಸಿ ಬೂದಿಯಲ್ಲಿ ಹೂತಿಟ್ಟ. "ಕಾದದ್ದು ತಾನಾಗೇ ಆರಬೇಕು. ತಾಳಿದವ ಬಾಳ್ಯಾನು" ಎಂದ. ಗಾದೆ ಒಳ್ಳೆಯದೇ. ಆದರೆ ಅವತ್ತು ನೀರು ತಾಳುತ್ತಿರಲಿಲ್ಲ.

ಮಧ್ಯಾಹ್ನ ತಿರುಗಿತು. ನಡುಗಡ್ಡೆ ಅರ್ಧ ಮುಳುಗಿತ್ತು; ಆಳೆತ್ತರದ ಹುಲ್ಲಿನೊಳಗೆ ಬಗ್ಗಿದ್ದ ದ್ಯಾಮವ್ವನಿಗೆ ಅದು ಕಾಣಲಿಲ್ಲ. ಮೋನಪ್ಪ ಬೂದಿ ಸರಿಸಿ ಜಾಗಟೆ ಬಡಿದ. 'ಟಪ್!' ಅದು ಮೂರು ಹೋಳಾಯಿತು.

ತವರ ಅತ್ತಿತು. "ಆರಿದಂಗೆಲ್ಲ ತಾಮ್ರ ಮನಿ ಸಣ್ಣದು ಮಾಡಿದ. ನನಗ ಜಾಗಾನೇ ಇಲ್ಲದಂಗಾತು. ಮೂಲಿಮೂಲ್ಯಾಗ ಗಂಟುಗಟ್ಟಿ ಕುಂತೆ. ಅಲ್ಲೇ ಒಡೀತು!"

ತಾಮ್ರಕ್ಕೆ ನಾಚಿಕೆಯಾಯಿತು. "ಬೇಕಂತ ಮಾಡ್ಲಿಲ್ಲೋ. ಸಾವಕಾಶ ಸಿಕ್ರ ನನ್ನ ಗುಣಾನೇ ಹಂಗ."

ಇದ್ದಿಲು ಇನ್ನೊಂದೇ ಸಲಕ್ಕೆ ಸಾಲುವಷ್ಟಿತ್ತು. ಹೋಳುಗಳನ್ನು ಮತ್ತೆ ಕರಗಿಸಿ ಎರೆದರು. ಕೆಂಪಗಿರುವಾಗಲೇ ತಟ್ಟಿದರು. ಮೋನಪ್ಪ ಇಕ್ಕಳ ಹಿಡಿದು ಮತ್ತೆ ಬೂದಿಯ ಕಡೆಗೇ ತಿರುಗಿದ! ಕಾಳವ್ವ ಅವನ ತೋಳು ಹಿಡಿದಳು.

"ಅದಕ್ಕ ಸಾವಕಾಶ ಕೊಡಬ್ಯಾಡ್ರಿ! ನೀರಾಗ ಹಾಕ್ರಿ!"

"ಹುಚ್ಚೀ, ಕಾದ ಗಡಿಗಿಗೆ ತಣ್ಣೀರು ಬಿದ್ರ ಸೀಳ್ತೈತಿ. ಮಗಳು ಹೋದಂಗ!"

"ಬೂದ್ಯಾಗ ಇಟ್ರೂ ಹೋದಂಗನ!"

ಇಕ್ಕಳ ಕಸಿದುಕೊಂಡು ಕಾಳವ್ವ ಕೆಂಪು ಜಾಗಟೆಯನ್ನು ನದಿಯಲ್ಲಿ ಅದ್ದಿಯೇಬಿಟ್ಟಳು.

ಚುಂಯ್!

ಇಬ್ಬರೂ ಬಗ್ಗಿ ನೋಡಿದರು. ಜಾಗಟೆ ಸೀಳಲಿಲ್ಲ. ತವರವನ್ನು ಹೊರಗೆ ಹಾಕಲು ತಾಮ್ರಕ್ಕೆ ಪುರುಸೊತ್ತೇ ಸಿಗಲಿಲ್ಲ. ತವರ ಕಣ್ಣು ಮುಚ್ಚಿಕೊಂಡು, ನಿಂತಲ್ಲೇ ನಡುಗುತ್ತ ಉಳಿಯಿತು.

ಮೋನಪ್ಪ ಬಡಿದ. ಢಣ್‌ಣ್‌ಣ್!

ದ್ಯಾಮವ್ವ ತಲೆ ಎತ್ತಿದಳು. ನೀರು ಕಾಲಿನ ಹತ್ತಿರವೇ ಬಂದಿತ್ತು. ಕುಡುಗೋಲು ಬಿಸಾಕಿ ಹರಿಗೋಲಿಗೆ ಓಡಿದಳು. ಅವಳು ದಡ ಮುಟ್ಟಿ ಹಿಂತಿರುಗಿ ನೋಡಿದಾಗ ನಡುಗಡ್ಡೆಯೇ ಇರಲಿಲ್ಲ. ಕಾಳವ್ವ ಮೊದಲು ಮಗಳ ಬೆನ್ನಿಗೆ ಎರಡು ಗುದ್ದಿ, ಆಮೇಲೆ ತಬ್ಬಿಕೊಂಡು ಅತ್ತಳು.

ಇವತ್ತಿಗೂ ಕಂಚುಗಾರರು ಕೆಂಪಗೆ ಕಾದ ಕಂಚನ್ನು ನೀರಿಗೇ ಅದ್ದುತ್ತಾರೆ. ಜಾಗಟೆ ಬಡಿದು ಕೋಲು ತೆಗೆದ ಮೇಲೆ ಅದರ ಅಂಚಿಗೆ ಮೆಲ್ಲಗೆ ಬೆರಳಿಟ್ಟು ನೋಡು ಕೂಸೇ, ಇನ್ನೂ ನಡುಗುತ್ತಿರುತ್ತದೆ. ತಾಮ್ರ ಯಾವಾಗ ಹೊರಗೆ ಹಾಕೀತೋ ಎಂಬ ಹೆದರಿಕೆ ಆ ತವರಕ್ಕೆ ಈಗಲೂ ಹೋಗಿಲ್ಲ.